ಮೀನುತಲೆಯವನ ಕೋಣೆ

ಮಾರ್ಚ್ ೧೪, ಮಂಗಳವಾರ

ಗಂಡನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ವಾರದಿಂದ ನಾನು ಕಂಪ್ಯೂಟರ್ ಆಟದ ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೆ. ಅಲ್ಲಿ ಮೀನಿನ ತಲೆಯ ಮನುಷ್ಯನೊಬ್ಬ ಗೋಡೆಗೆ ಮುಖ ಮಾಡಿ ಕೂತಿರುತ್ತಾನೆ. ಅವನು ಬಾಯಿ ಬಿಟ್ಟರೆ ಮಾತ್ರ ಬಾಗಿಲು ತೆರೆಯುತ್ತದೆ. ಇವತ್ತು ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜಿಯ ಹಲ್ಲಿನ ಅಚ್ಚು ತೆಗೆಯುವಾಗ ತಟ್ಟನೆ ಹೊಳೆಯಿತು: ಆ ಕೋಣೆಯ ಕಪಾಟಿನಲ್ಲಿರುವ ಹಲ್ಲಿನ ಸೆಟ್ಟು ಅವನದೇ. ಸಂಜೆಯವರೆಗೂ ಆ ಗುಟ್ಟನ್ನು ಕಲ್ಲುಸಕ್ಕರೆಯಂತೆ ಚಪ್ಪರಿಸುತ್ತ ಮನೆಗೆ ಬಂದೆ.

ಆಟ ಮುಗಿದಿತ್ತು. ಇವನೇ ಮುಗಿಸಿದ್ದ.

"ಒದ್ದಾಡ್ತಿದ್ದೆಯಲ್ಲ, ಪಾಪ ಅನ್ನಿಸ್ತು. ಇಂಟರ್ನೆಟ್ಟಲ್ಲಿ ನೋಡಿ ಮುಗಿಸ್ಬಿಟ್ಟೆ."

"ನನ್ನ ಒದ್ದಾಟ ನನಗೆ ಬಿಡೋಕೆ ಏನು ಕಷ್ಟ?"

"ಬರೀ ಆಟಕ್ಕೆ ಇಷ್ಟು ಮುಖ ಊದಿಸ್ಕೋಬೇಕಾ?"

ಪಾಪವಂತೆ. ಕಾರು ಕಲಿಯುವಾಗಲೂ ಪಾಪ ಅಂತಲೇ ಸ್ಟೇರಿಂಗ್ ಕಿತ್ತುಕೊಂಡಿದ್ದ. ಇವತ್ತಿಗೂ ನನಗೆ ಕಾರು ಓಡಿಸಲು ಬರುವುದಿಲ್ಲ.

ಊಟಕ್ಕೆ ಕರೆದ, ಹೋಗಲಿಲ್ಲ. ಆಟವನ್ನು ಮೊದಲಿನಿಂದ ಶುರು ಮಾಡಿ, ಏಳುವಾಗ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಹಾಕಿ ಬಂದೆ. ಆಫೀಸಿನ ಫೈಲು ಬೇಕು ಅಂದ. ನಾನು ಪಾಸ್‌ವರ್ಡ್ ಹೇಳಲಿಲ್ಲ. ಬೇಡಿಕೊಳ್ಳುವ ಜಾತಿಯಲ್ಲ ಅವನದು. ಪಕ್ಕದ ಕೋಣೆಯಲ್ಲಿ ಕೂತು, ಒಂದೊಂದನ್ನೂ ಗೊಣಗುತ್ತ ಊಹಿಸಿ ಊಹಿಸಿ ಹೊಡೆಯುತ್ತಿದ್ದಾನೆ. ಮೊದಲು ತನ್ನ ಹೆಸರನ್ನೇ ಹೊಡೆದ. ಆಮೇಲೆ ತನ್ನ ಹುಟ್ಟಿದ ತಾರೀಖು. ಹೊಡೆಯಲಿ. ನಾನು ದೀಪ ಆರಿಸಿ ಮಲಗುತ್ತೇನೆ.