ಎರಡು ನಿಮಿಷದ ತಪಾಸಣೆ

ಅಪ್ಪ,

ತೀರ್ಥರೂಪರೆಂದು ಬರೆಯಲು ಕೈ ಏಳುತ್ತಿಲ್ಲ. ನೀವು ಹೋಗಿ ಆರು ವರ್ಷವಾದರೂ ನಿಮ್ಮ ಸಹಿ ಇನ್ನೂ ಜನರನ್ನು ಕಾಡುತ್ತಿದೆ.

ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಯ ಮೇಲ್ಮನವಿ ಕೇಳುವ ನ್ಯಾಯಮಂಡಳಿಗೆ ಈಗ ನಾನೇ ಅಧ್ಯಕ್ಷೆ. ಇವತ್ತು ಬೆಳಿಗ್ಗೆ ಬಂದ ಒಬ್ಬ ಮುದುಕರ ಕಡತದಲ್ಲಿ, ಸೇನೆಯ ವೈದ್ಯರಾಗಿದ್ದಾಗ ನೀವು ಬರೆದ ಒಂದೇ ಸಾಲಿತ್ತು: 'ಕಾಲು ಪರೀಕ್ಷಿಸಿದೆ, ಊನವಿಲ್ಲ.' ಸಹಿ ಗುರುತು ಹಿಡಿದೂ ನಾನು ಬಾಯಿ ಬಿಡಲಿಲ್ಲ. ನಿಮ್ಮ ಮಗಳಲ್ಲವೇ!

"ಎಲ್ಲಿ ಪರೀಕ್ಷೆ ಮಾಡಿದ್ರು ತಾಯಿ? ಬೂಟು ಬಿಚ್ಚು ಅಂತಾನೂ ಅನ್ನಲಿಲ್ಲ. ಎರಡೇ ನಿಮಿಷ, ತಲೆ ಎತ್ತದೆ ಗೀಚಿ ಕಳಿಸಿಬಿಟ್ರು," ಎನ್ನುತ್ತ ಅವರು ಅಲ್ಲೇ ಬೂಟು ಬಿಚ್ಚಿದರು. ಎಡಗಾಲಿಗೆ ಮೂರು ಬೆರಳುಗಳಿರಲಿಲ್ಲ.

ಆಗ ಬಾಯಿ ಬಿಟ್ಟೆ. ಆ ವೈದ್ಯರು ನನ್ನ ತಂದೆ ಎಂದು ಎಲ್ಲರೆದುರು ಹೇಳಿ ಪೀಠದಿಂದ ಎದ್ದುಹೋದೆ. ಉಳಿದ ಇಬ್ಬರು ಸದಸ್ಯರು ವಿಚಾರಣೆ ಮುಗಿಸಿ ಅವರಿಗೆ ಪಿಂಚಣಿ ಮಂಜೂರು ಮಾಡಿದರು.

ಕಾರಿಡಾರಿನಲ್ಲಿ ಕೂತಿದ್ದ ನನ್ನನ್ನು ಕಂಡು ಮುದುಕರು ನಿಂತರು. "ಮನೇಲಾದ್ರೂ ನಿಮ್ಮ ಮುಖ ನೋಡಿ ಮಾತಾಡ್ತಿದ್ರಾ ತಾಯಿ?"

"ಹೂಂ, ಮಾತಾಡ್ತಿದ್ರು," ಎಂದೆ.

ನಿಮ್ಮ ಮಾನ ಕಾಯಲು ನಾನು ಹೇಳುವ ಸುಳ್ಳು ಇದೇ ಕೊನೆ.