ಆಯುಧಪೂಜೆಯ ದಿನ ಆರಿಸಿದ ಕಂಪ್ಯೂಟರು

ಬಸವಪ್ರಸಾದ್ ಅವರಿಗೆ, ಪಿರಿಯಾಪಟ್ಟಣದಿಂದ ಸರ್ವಮಂಗಳ ಮಾಡುವ ಶರಣು.

ಫೋನಿನಲ್ಲೇ ಹೇಳಬಹುದಿತ್ತು. ಹೇಳಿದರೆ ನೀವು ಅರ್ಧಕ್ಕೇ ಅತ್ತು ಕಟ್ ಮಾಡುತ್ತೀರಿ. ಕಾಗದವಾದರೆ ಪೂರ್ತಿ ಓದುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನನ್ನು ಬಿಟ್ಟು ಮಿರ್ಲೆಯಲ್ಲಿ ಹೂಡಿದ ಹೊಸ ಸಂಸಾರದ ಮಗಳಿಗೂ ಶಿವಾನಿ ಎಂದೇ ಹೆಸರಿಟ್ಟಿರಿ. "ನಮ್ ಶಿವಾನೀನೇ ತಿರ್ಗಾ ಬಂದವ್ಳೆ ಕಣೇ" ಎಂದು ಮೊನ್ನೆ ಫೋನಿನಲ್ಲೇ ಸಕ್ಕರೆ ಹಂಚಿದಿರಿ. ಆಮೇಲೆ ಮೆಲ್ಲಗೆ ಕೇಳಿದಿರಿ, ಆ ಹಳೇ ಕಂಪ್ಯೂಟರ್ ಹೇಗಾದರೂ ಹತ್ತಿಕೊಂಡೀತಾ, ಅಕ್ಕ ಬರೆದ ಚಿತ್ರಗಳನ್ನು ತಂಗಿಗೆ ತೋರಿಸಬೇಕು ಎಂದು. ಯಾವ ಮುಖ ಇಟ್ಟುಕೊಂಡು ಕೇಳಿದಿರೋ.

ಮೈಸೂರಿನ ಕಾಲೇಜೊಂದು ಗುಜರಿಗೆ ಹಾಕಿದ್ದ ಆ ವರ್ಕ್‌ಸ್ಟೇಷನ್ ಕಂಪ್ಯೂಟರನ್ನು ನಾನು ನನ್ನ ಕಂಪ್ಯೂಟರ್ ಕ್ಲಾಸಿಗೆ ತಂದಾಗ ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರ ಬರುತ್ತಿದ್ದವು. ಮೌಸು, ಕಿಟಕಿ, ಐಕಾನು ಇರುವ ಡೆಸ್ಕ್‌ಟಾಪ್ ಅದರಲ್ಲೂ ಬರಲೇಬೇಕೆಂದು ನನಗೆ ಹಟ. ವಾರಗಟ್ಟಲೆ ಒದ್ದಾಡಿದ ಮೇಲೆ ಒಂದು ಮಧ್ಯಾಹ್ನ ಪರದೆ ಬೂದುಬಣ್ಣಕ್ಕೆ ತಿರುಗಿ, ನಡುವೆ ಮೌಸಿನ ಸಣ್ಣ ಇಂಟು ಗುರುತು ಮೂಡಿತು. ನಮ್ಮ ಶಿವಾನಿ ಚಪ್ಪಾಳೆ ತಟ್ಟಿದಳು. ನೀವು, "ಎಲೆಅಡ್ಕೆ ಹಾಕ್ಕಂಡು ಉಗ್ದು ಬರೋ ಹೊತ್ಗೆ ಒಂದ್ ಕಿಟ್ಕಿ ತೆರೀತದೆ, ಇದ್ಯಾವ ಸೀಮೆ ಮಿಷಿನ್ ಕಣೇ" ಎಂದು ನಕ್ಕಿರಿ. ಮಗಳಿಗೆ ಆ ನಿಧಾನ ಒಗ್ಗಿತು. ಚಿತ್ರ ಬಿಡಿಸುವ ಕಿಟಕಿ ತೆರೆದುಕೊಳ್ಳುವವರೆಗೂ ಗಲ್ಲಕ್ಕೆ ಕೈಕೊಟ್ಟು ಕಾಯುತ್ತಿದ್ದಳು. ಆನೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ, ನನ್ನ ಮೂಗುಬೊಟ್ಟು, ಬರೆದದ್ದೆಲ್ಲ ಅದರಲ್ಲೇ ಉಳಿಯಿತು. ಬೇರೆ ಯಾವ ಕಂಪ್ಯೂಟರಿನಲ್ಲೂ ಆ ಫೈಲುಗಳು ತೆರೆಯುತ್ತಿರಲಿಲ್ಲ.

ಅವಳಿಗೆ ಜ್ವರ ಏರಿದ ದಿನ ಕಂಪಲಾಪುರದಲ್ಲಿ ನಿಮ್ಮ ಹೊಗೆಸೊಪ್ಪು ಹರಾಜಿಗಿತ್ತು. "ನಾಳೆ ಮೈಸೂರ್ಗೆ ಕರ್ಕೊಂಡೋದ್ರಾಯ್ತು ಬುಡು" ಎಂದಿರಿ. ಬೆಳಗಾಗುವಷ್ಟರಲ್ಲಿ ಮಗು ಹೋಗಿತ್ತು. "ಅವಳ ಋಣ ಅಷ್ಟೇ ಇತ್ತು" ಎಂದು ಬಂದವರಿಗೆಲ್ಲ ನೀವೇ ಸಮಾಧಾನ ಹೇಳಿದಿರಿ. ನಿಮ್ಮ ಕಣ್ಣಲ್ಲಿ ಒಂದು ಹನಿ ನೀರನ್ನೂ ನಾನು ಕಾಣಲಿಲ್ಲ.

ಆಮೇಲೆ ಅವಳ ಚಿತ್ರಗಳಿದ್ದ ಆ ಕಂಪ್ಯೂಟರನ್ನು ನಾನು ಆರಿಸುತ್ತಲೇ ಇರಲಿಲ್ಲ. ಅದೊಂದು ಆಯುಧಪೂಜೆಗೆ ನೀವು ನೇಗಿಲು, ಬೈಕು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಬಳಿದು, ಬೂದುಗುಂಬಳ ಒಡೆದು, "ವರ್ಸೆಲ್ಲಾ ದುಡೀತದೆ, ಇವತ್ತೊಂದಿನ ಉಸ್ರು ಬುಡ್ಲಿ" ಎಂದು ಅದರ ಸ್ವಿಚ್ ಆರಿಸಿದಿರಿ. ಭಕ್ತಿಯಿಂದಲೇ, ಗೊತ್ತು. ಮಾರನೆಯ ದಿನ ಹಾಕಿದರೆ ಒಳಗೆ ಟಿಕ್ ಟಿಕ್ ಸದ್ದು ಮಾತ್ರ. ನೀವು ನೆಲಕ್ಕೆ ಕುಸಿದು ಅತ್ತಿರಿ. "ಏನಾರ ಮಾಡು ಮಂಗಳಾ" ಎಂದಿರಿ. "ಎಲ್ಲಾ ಹೋಯ್ತು, ನೀವೇ ಅಳಿಸಿದ್ರಿ" ಎಂದೆ.

ಅದು ಸುಳ್ಳು. ಫೈಲುಗಳಿರುವ ಹಳೇ ಡಿಸ್ಕು ನಿಂತು ತಣ್ಣಗಾದರೆ ಒಳಗೆ ಕಚ್ಚಿಕೊಳ್ಳುತ್ತದೆ. ಹೊರತೆಗೆದು, ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಿದಂತೆ ಒಂದು ಸಲ ಜೋರಾಗಿ ತಿರುವಿದರೆ ಬಿಡುತ್ತದೆ. ಕರೆಂಟು ಕೈಕೊಟ್ಟಾಗೆಲ್ಲ ಮಾಡಿದ್ದ ಕೆಲಸ ಅದು. ಆವತ್ತು ಬೇಕೆಂದೇ ಮಾಡಲಿಲ್ಲ. ನೀವು ಅಳುವುದನ್ನು ನೋಡಬೇಕಿತ್ತು, ನೋಡಿದೆ, ಹೊಟ್ಟೆ ತಣ್ಣಗಾಯಿತು. ನೀವು ಮನೆ ಬಿಟ್ಟ ದಿನ ಡಿಸ್ಕು ತಿರುವಿದೆ. ಆವತ್ತಿನಿಂದ ಡೆಸ್ಕ್‌ಟಾಪ್ ಉರಿಯುತ್ತಲೇ ಇದೆ.

ನೀವು ನೋಡಿರದ ಚಿತ್ರವೊಂದು ಅದರಲ್ಲಿತ್ತು. ಜ್ವರ ಬರುವ ಹಿಂದಿನ ದಿನ ಬರೆದದ್ದು. ಬೈಕಿನ ಮೇಲೆ ನೀವು, ಹಿಂದೆ ನಿಮ್ಮ ಅಂಗಿ ಹಿಡಿದುಕೊಂಡು ಅವಳು, ಕೆಳಗೆ ಸೊಟ್ಟಸೊಟ್ಟಗೆ "ಅಪ್ಪಾಜಿ". ನಿಮ್ಮ ಫೋನ್ ಬಂದ ಮೇಲೆ ಅದನ್ನು ತೆರೆದು ಕಣ್ತುಂಬ ನೋಡಿದೆ. ಕಿಟಕಿ ಮುಚ್ಚಿ, ಮೌಸಿನಲ್ಲಿ ಹಿಡಿದು, ಮೂಲೆಯಲ್ಲಿದ್ದ ಕಸದ ಬುಟ್ಟಿಗೆ ಎಳೆದು ಹಾಕಿದೆ. ಬುಟ್ಟಿ ಖಾಲಿ ಮಾಡಲೇ ಎಂದು ಕಂಪ್ಯೂಟರ್ ಕೇಳಿತು. ಮಾಡು ಎಂದೆ.

ಉಳಿದವೆಲ್ಲ ಹಾಗೇ ಇವೆ, ಒಂದರಲ್ಲೂ ನೀವಿಲ್ಲ. ಮಗುವನ್ನು ಕರೆದುಕೊಂಡು ಬಂದು ಧಾರಾಳವಾಗಿ ತೋರಿಸಿ, ಬಾಗಿಲು ತೆರೆದಿರುತ್ತೇನೆ.

ನಿಮ್ಮ ಕೂಸು ನೂರು ಕಾಲ ಬಾಳಲಿ. ಕೈಗೆ ಬಳಪ ಬಂದಾಗ ನಿಮ್ಮನ್ನೇ ಬರೆಯಲಿ. ಬರೆದು ತಂದು ತೋರಿಸಿದಾಗಲೆಲ್ಲ ನೀವು ಕಾಣದೆ ಹೋದ ಚಿತ್ರ ನಿಮ್ಮ ಕಣ್ಣಿಗೆ ಕಟ್ಟಲಿ.

ಇಂತಿ,
ಶಿವಾನಿಯ ತಾಯಿ