ಹೆಚ್ಚಿನ ಒಂದು ಕಚ್ಚು

ಮಾರ್ಚ್ 3, ಸೋಮವಾರ

ಮಹಾಜನರೇ! ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತವರೇ, ಹಿಂದಿನ ಬೆಂಚಿನಲ್ಲಿ ಫ್ಲಾಸ್ಕ್ ಬಿಚ್ಚುತ್ತಿರುವವರೇ, ಸದ್ದು ಮಾಡಬೇಡಿ! ಇಗೋ, ನಲವತ್ತೆರಡನೆಯ ಲೋಗೋ!

ಯಾರೂ ಇಲ್ಲ. ಫಿನ್ಲೆಂಡಿನ ತುರ್ಕು ಪಟ್ಟಣದ ಈ ಕೋಣೆಯಲ್ಲಿ ನಾನು, ಆರಿದ ಕಾಫಿ, ಟ್ರೇಸಿಂಗ್ ಪೇಪರು. ಆದರೂ ಕೂಗದೆ ಕೆಲಸ ಶುರುವಾಗುವುದಿಲ್ಲ. ಅಮ್ಮ ನಮ್ಮ ದ್ವೀಪದ ಬೇಸಿಗೆ ನಾಟಕಗಳಿಗೆ ಮರೆಯಲ್ಲಿ ಕೂತು ಮಾತು ಎತ್ತಿಕೊಡುವವಳು. ನಾನು ಬೆಳೆದದ್ದೇ ಅವಳ ಸ್ಟೂಲಿನ ಪಕ್ಕ.

ಡಿಸೈನ್ ಕೋರ್ಸಿನ ಕೊನೆಯ ವರ್ಷದ ಕೆಲಸ: ನಮ್ಮ ನಮ್ಮದೇ ಗುರುತು. ಒಂದು ಚಿಹ್ನೆ, ಒಂದು ಬಣ್ಣ, ಒಂದು ಅಕ್ಷರಶೈಲಿ. ನೋಡಿದರೆ ಇವನೇ ಅನ್ನಬೇಕು. ಮೇ ತಿಂಗಳಲ್ಲಿ ಪ್ರದರ್ಶನ.

ಹೆಲ್ಕಾ ಕಲಿಸುವವಳು. ಕ್ಲಾಸಿನಲ್ಲಿ ಎಲ್ಲವನ್ನೂ ಗೋಡೆಗೆ ಅಂಟಿಸಿ ಉದ್ದಕ್ಕೂ ನಡೆದಳು.

"ಚೆನ್ನಾಗಿವೆ ಓಸ್ಸಿ. ಯಾರವು?"

ಪಿನ್ಯಾ ಪಕ್ಕದ ಮೇಜಿನವಳು. ಸುಮ್ಮನಿರುತ್ತಾಳೆಯೇ? "ಹಲ್ಲಿನ ಡಾಕ್ಟ್ರ ಬೋರ್ಡು ಕಣೋ ಅದು. ನೋಡಿದ್ರೇನೇ ನಂಗೆ ದವಡೆ ನೋಯ್ತಿದೆ."

ನಕ್ಕೆ. ಕೋಣೆಗೆ ಬಂದು ನಲವತ್ತೆರಡನ್ನೂ ಹರಿದೆ.

ಮಾರ್ಚ್ 6

ಬೆಳಿಗ್ಗೆ ಏಳಕ್ಕೆ ಬೀಗದ ಕೈ ಹುಡುಕುತ್ತಿದ್ದೆ. ಕೋಟಿನ ಜೇಬಿನಲ್ಲಿ ಸಿಕ್ಕಿತು. ಅದಕ್ಕೆ ಕಟ್ಟಿರುವುದು ಬಲೆಯ ಹಳೆಯ ಮರದ ಬೆಂಡು. ಅಣ್ಣ ಟೂರೆ ಕೊಟ್ಟದ್ದು, ನಾನು ಮನೆ ಬಿಟ್ಟ ದಿನ. "ನೀರಿಗೆ ಬಿದ್ರೂ ತೇಲತ್ತೆ, ನಿನ್ನ ಹಾಗೆ ಮುಳುಗಲ್ಲ" ಅಂದಿದ್ದ. ಈಜು ಬಾರದವನು ನಾನು. ಮುಳುಗಿದವನು ಅಣ್ಣ. ಅದೇ ವರ್ಷದ ನವೆಂಬರ್, ಬಲೆ ಎತ್ತಲು ಹೋದವನು. ದೋಣಿ ತಾನೇ ದಡಕ್ಕೆ ಬಂತು. ಅವನು ಸಿಕ್ಕಿದ್ದು ಮೂರನೆಯ ದಿನ.

ಬೆಂಡಿನ ಮೇಲೆ ಅವನು ಚಾಕುವಿನಿಂದ ಕೊರೆದ ನಮ್ಮ ಮನೆಗುರುತು. ಮೂರು ಗೆರೆ, ಒಂದೇ ಬುಡ, ಹಕ್ಕಿಯ ಕಾಲಿನಂತೆ. ಹುಟ್ಟು, ಬಲೆ, ಸೌನಾದ ಹಬೆಸ್ನಾನಕ್ಕೆ ನೀರೆರೆಯುವ ಸೌಟು... ಎಲ್ಲದರ ಮೇಲೂ ಇದೆ. ಎಷ್ಟು ವರ್ಷ ನೋಡಿದ್ದೇನೆ. ಇವತ್ತು ನೋಡಿದೆ.

ಕೋಟು ತೆಗೆಯದೆ ಬರೆದೆ.

ಅಪ್ಪ ಹೇಳುತ್ತಿದ್ದ ನಿಯಮವೊಂದಿದೆ — ಮನೆ ಬಿಟ್ಟವರು ಗುರುತಿನ ಬುಡದಲ್ಲಿ ಒಂದು ಕಚ್ಚು, ಒಂದು ಸಣ್ಣ ಗೀರು, ಹೆಚ್ಚಿಗೆ ಹಾಕಬೇಕು. ಹಾಕಿ ನೋಡಿದೆ. ಸಮತೋಲ ಕೆಟ್ಟಿತು, ಎಡಕ್ಕೆ ವಾಲಿತು. ಅಳಿಸಿದೆ. ಅಳಿಸಿದ ಮೇಲೆ ಅದು ನಿಂತ ರೀತಿ!

ಹೆಲ್ಕಾ ಕಾಗದದ ಮೇಲೆ ಅಂಗೈ ಇಟ್ಟಳು. "ಇದು" ಅಂದಳು. ಪಿನ್ಯಾ ಕೂಡ ಕುರ್ಚಿ ಎಳೆದುಕೊಂಡು ನೋಡಲು ಬಂದಳು.

ಮಾರ್ಚ್ 19

ಬಣ್ಣ: ದೋಣಿಗೆ ಬಳಿಯುವ ಮರದ ಡಾಂಬರಿನ ಕಂದು. ಇನ್ನೂರು ಕಾರ್ಡು ಪ್ರಿಂಟಾಗಿ ಬಂದವು. ಮುಂದೆ ಗುರುತು ಮಾತ್ರ. ಹಿಂದೆ ಪ್ರದರ್ಶನದ ತಾರೀಕು, ಸಣ್ಣಕ್ಷರದಲ್ಲಿ.

ಮೊದಲನೆಯದು ಮನೆಗೆ, ಅಪ್ಪನ ಹೆಸರಿಗೆ. ಪ್ರೀತಿಯ ಅಪ್ಪನಿಗೆ ಅಂತ ಬರೆಯಹೋದೆ. ಒಳ್ಳೆಯ ಗುರುತಿಗೆ ಮಾತು ಬೇಡ ಅಂತಾಳೆ ಹೆಲ್ಕಾ. ಏನೂ ಬರೆಯದೆ ಅಂಚೆಗೆ ಹಾಕಿದೆ.

ಮಾರ್ಚ್ 24

ಅಪ್ಪ ಫೋನ್ ಮಾಡಿದ. ಅಪ್ಪ! ಅಣ್ಣ ಹೋದ ಮೇಲೆ ಮೊದಲ ಸಲ.

"ಬಂತು."

"ಏನಪ್ಪ?"

"ಕಾರ್ಡು."

ಕನ್ನಡಕ ಹುಡುಕಿದ ಸದ್ದು. ಆಮೇಲೆ —

"ಸರಿಯಾಗೇ ಹಾಕಿದೀಯಾ? ಗೆರೆ ಏನೂ ಬಿಟ್ಟಿಲ್ಲ ತಾನೆ?"

"ಇಲ್ಲಪ್ಪ. ಅಳತೆ ಮಾಡಿ ಹಾಕಿದ್ದು."

"ಯೋಚನೆ ಮಾಡಿ?"

"ಮೂರು ವಾರ ಯೋಚನೆ ಮಾಡಿ."

"ಹಾಗಾದ್ರೆ ಸರಿ."

ಇಟ್ಟ. ಸಭಿಕರೇ, ಚಪ್ಪಾಳೆ! ಕುರ್ಚಿಯ ಕಾಲು ಒಂದು ಕೂದಲೆಳೆ ಓರೆಯಾದರೂ ಕಣ್ಣು ಕಿರಿದಾಗಿಸುವ ಮನುಷ್ಯ ನನ್ನ ಡಿಸೈನ್ ಒಪ್ಪಿದ. ಪಿನ್ಯಾಗೆ ಬನ್ ಕೊಡಿಸಿದೆ.

ಏಪ್ರಿಲ್ 18, ಗುಡ್ ಫ್ರೈಡೇ, ಮನೆ

ಅಪ್ಪ ದೋಣಿಯನ್ನು ಮಗುಚಿ ಡಾಂಬರು ಬಳಿದಿದ್ದಾನೆ. ದಾರಿಯ ತಿರುವಿನಿಂದಲೇ ವಾಸನೆ. ದೋಣಿಮನೆಯ ಬಾಗಿಲು ಹಾರುಹೊಡೆದಿದೆ. ಬಲೆಗಳು ತೊಲೆಯುದ್ದಕ್ಕೂ, ಹೊಲಿದು, ಒಣಗಿಸಿ. ಹುಟ್ಟು ಎರಡು ಜೊತೆ.

ಎರಡು ಜೊತೆ ಯಾಕೆ ಅಂತ ಆಗಲೂ ಕೇಳಲಿಲ್ಲ.

ಅಪ್ಪ ಗೂಟದಿಂದ ಟೂರೆ ಮೀನಿಗೆ ಹೋಗುವಾಗ ತೊಡುತ್ತಿದ್ದ, ಷರಾಯಿಯೂ ಸೇರಿದ ರಬ್ಬರಿನ ಅಂಗಿ ಇಳಿಸಿದ.

"ಅವನು ನಿನಗಿಂತ ಗೇಣುದ್ದ. ಕಾಲು ಕತ್ತರಿಸಿ ಅಂಟಿಸಿದೀನಿ. ಹಾಕ್ಕೊ, ನೋಡೋಣ."

ಹಾಕಿಕೊಂಡೆ. ಬೆನ್ನಿಗೆ ತಣ್ಣಗೆ ತಾಗಿತು. ಸರಿಹೊಂದಿತು.

ಅಪ್ಪನ ಹಿಂದೆ ಬಾಗಿಲ ಚೌಕಟ್ಟು. ಮನೆ ಬಿಟ್ಟು ಹೋದವರೆಲ್ಲ ಹೊರಡುವ ಮುನ್ನ ಕೊರೆದ ಗುರುತುಗಳು: ಸ್ವೀಡನ್ನಿಗೆ ಹೋದ ಅತ್ತೆ, ಹಡಗು ಸೇರಿದ ಚಿಕ್ಕಜ್ಜ. ಒಬ್ಬೊಬ್ಬರದಕ್ಕೂ ಒಂದೊಂದು ಹೆಚ್ಚಿನ ಕಚ್ಚು. ಕಚ್ಚಿಲ್ಲದ ಗುರುತು ಉಳಿದವನದು. ಬಲೆ ಅವನದು, ದೋಣಿ ಅವನದು. ಟೂರೆಯದಾಗಿತ್ತು.

ನನ್ನದು ಅಲ್ಲಿ ಇಲ್ಲ. ಬೇಸಿಗೆಗೆ ಬಂದಾಗ ಕೊರೆದರಾಯಿತು ಅಂದಿದ್ದೆ. ಬೇಸಿಗೆಗೆ ಮೊದಲೇ ನವೆಂಬರ್ ಬಂತು.

ಇನ್ನೂರು ಕಾರ್ಡು. ಬರಿಯ ಗುರುತು. ಒಂದು ಮಾತೂ ಇಲ್ಲದೆ, ಅಪ್ಪನ ಹೆಸರಿಗೆ...

ಇಲ್ಲೇ ಉಳಿಯಲು ನಾನು ಬರುತ್ತೇನೆ ಅಂತ ಬರೆದಿದ್ದೇನೆ.

ಏಪ್ರಿಲ್ 19, ಬೆಳಿಗ್ಗೆ 10

ಅಮ್ಮ ಮೊಟ್ಟೆಗೆ ಬಣ್ಣ ಹಚ್ಚುತ್ತಿದ್ದಳು.

"ನಾನು ಆ ಅರ್ಥದಲ್ಲಿ ಕಳಿಸಿದ್ದಲ್ಲಮ್ಮ. ಅದು ಲೋಗೋ."

"ಗೊತ್ತು."

"ಅಪ್ಪಂಗೆ ಹೇಳಬಾರದಿತ್ತಾ?"

"ದೋಣಿಮನೆ ಬೀಗ ಮುಟ್ಟದವನು ನಿಮ್ಮಪ್ಪ, ಎರಡು ಚಳಿಗಾಲ. ಕಾರ್ಡು ಬಂದ ದಿನ ತೆಗೆದ. ಶಿಳ್ಳೆ ಹಾಕ್ತಿದ್ದ ಓಸ್ಸಿ. ಶಿಳ್ಳೆ ಹಾಕೋನ ಬಾಯಿ ಮುಚ್ಚಿಸ್ಲಾ ನಾನು?"

"ಹೇಗೆ ಶುರು ಮಾಡ್ಲಿ ಹೇಳಮ್ಮ."

ಕುಂಚ ಕೆಳಗಿಟ್ಟಳು. "ಮೂವತ್ತು ವರ್ಷ ಊರವರಿಗೆಲ್ಲ ಮಾತು ಎತ್ತಿಕೊಟ್ಟೆ. ಇದನ್ನ ಕೊಡಲ್ಲ. ನಿನ್ನದು ನೀನೇ ಆಡು."

ಏಪ್ರಿಲ್ 20, ಈಸ್ಟರ್

ಹೇಳಲಿಲ್ಲ. ಸೌನಾದಲ್ಲಿ ಅಪ್ಪನೂ ನಾನೂ ಪಕ್ಕಪಕ್ಕ ಒಂದು ಗಂಟೆ. ಸೌಟಿನ ಹಿಡಿಯ ಮೇಲೆ ಅದೇ ಮೂರು ಗೆರೆ. ಬೆನ್ನು ಉಜ್ಜಿಕೊಟ್ಟೆ. ಎಷ್ಟು ಸಣ್ಣಗಾಗಿದೆ ಆ ಬೆನ್ನು.

ಏಪ್ರಿಲ್ 21, ಸಂಜೆ 6

ಬಸ್ಸು ನಾಳೆ ಹತ್ತೂವರೆಗೆ. ಅಪ್ಪನಿಗೆ ಗೊತ್ತು. ಪ್ರದರ್ಶನ ಮುಗಿಸಿಕೊಂಡು ನಾನು ಮರಳಿ ಬರುತ್ತೇನೆ ಅಂದುಕೊಂಡಿದ್ದಾನೆ.

"ಐದಕ್ಕೆ ಮೊದಲ ಬಲೆ ಎತ್ತೋಣ. ಬಸ್ಸಿಗೆ ಟೈಮಿರತ್ತೆ" ಅಂದ, ಕಾಫಿ ಬಟ್ಟಲಿನೊಳಗೆ ನೋಡುತ್ತ. "ಮೊದಲ ದಿನ ವಾಂತಿಯಾದ್ರೆ ನಾಚ್ಕೋಬೇಡ. ಟೂರೆ ನನ್ನ ಬೂಟಿನೊಳಗೇ ಮಾಡಿದ್ದ."

ನಕ್ಕೆವು. ಇಬ್ಬರೂ. ಅವನ ಹೆಸರು ಹಿಡಿದು ಈ ಮನೆಯಲ್ಲಿ ನಕ್ಕದ್ದು ಇದೇ ಮೊದಲು. ಅಮ್ಮ ಒಲೆಯ ಕಡೆ ತಿರುಗಿ ನಿಂತಳು.

ಉಳಿದುಬಿಡಲೇ? ಅರ್ಧ ದಿನ ಅದನ್ನೇ ಯೋಚಿಸಿದೆ, ಆ ಅಂಗಿ ಮಡಿಲಲ್ಲಿ ಇಟ್ಟುಕೊಂಡು. ಉಳಿದರೆ ನಾನು ಟೂರೆಯ ಬಟ್ಟೆ ತೊಟ್ಟು ಟೂರೆಯ ಪಾತ್ರ ಮಾಡುವವನು. ಅಪ್ಪ ಒಂದು ವರ್ಷ ನೋಡುತ್ತಾನೆ, ಎರಡು ವರ್ಷ. ಓರೆ ಕುರ್ಚಿಯನ್ನು ಕಂಡುಹಿಡಿಯುವ ಕಣ್ಣು ಅದು.

ಇನ್ನೊಂದು ಕಾರ್ಡಿನ ಹಿಂಬದಿಯಲ್ಲಿ ಮತ್ತೆ ಬರೆದೆ. ಮೂರು ಗೆರೆ. ಬುಡದಲ್ಲಿ ಕಚ್ಚು. ಈಗಲೂ ಎಡಕ್ಕೆ ವಾಲುತ್ತದೆ. ಒಂದು ಕಾಲು ಹೊಸಿಲಾಚೆ ಇಟ್ಟವನು ಹಾಗೆಯೇ ವಾಲುತ್ತಾನೆ. ಅಳಿಸಲಿಲ್ಲ. ಉಳಿದ ನೂರಾ ತೊಂಬತ್ತೆಂಟನ್ನು ಏನು ಮಾಡುವುದೋ, ಹೆಲ್ಕಾಗೆ ಏನು ಹೇಳುವುದೋ, ಆಮೇಲೆ.

ಮಹಾಜನರೇ, ಇವತ್ತು ಕೂಗುವುದಿಲ್ಲ. ಹತ್ತಿರ ಬನ್ನಿ.

ನಾಳೆ ಬೆಳಿಗ್ಗೆ ಐದಕ್ಕೆ ಅಣ್ಣನ ಅಂಗಿ ತೊಟ್ಟು ದೋಣಿ ಹತ್ತುತ್ತೇನೆ. ಅಪ್ಪನ ಜೊತೆ ಬಲೆ ಎತ್ತುತ್ತೇನೆ, ವಾಂತಿಯಾದರೆ ಆಗಲಿ. ದಡಕ್ಕೆ ಬಂದು, ಅಂಗಿ ಗೂಟಕ್ಕೆ ಹಾಕಿ, ಚೌಕಟ್ಟಿನ ಮುಂದೆ ನಿಂತು, ಕಚ್ಚು ಸಮೇತ ನನ್ನ ಗುರುತು ಕೊರೆಯಲು ಅವನ ಚಾಕು ಕೇಳುತ್ತೇನೆ. ಯಾಕೋ ಅನ್ನುತ್ತಾನೆ. ಆಗ ನಾನು, ಯಾರೂ ಎತ್ತಿಕೊಡದೆ, ನನ್ನ ಮಾತು ಆಡುತ್ತೇನೆ.